ಕಲಾಯಿ

ದುರ್ಗದ ಬಸ್ಸಿಳಿದು ಬುಡೇನ್ ಸಾಬರು
ಗಣಿ ಕಾಲೋನಿಯ ಬೇವಿನಡಿ ತಿದಿ ಹೂಡಿದರು.
ನವಸಾಗರದ ಹೊಗೆಗೆ ಮಕ್ಕಳು ಕೆಮ್ಮಿ, ನಕ್ಕು,
ಮತ್ತೆ ಹತ್ತಿರವೇ ಬಂದು ಕೂತವು.

ಪಾಲಕ್ಕ ತಂದದ್ದು ಅದೇ ತಪ್ಪಲೆ,
ಹೋದ ಯುಗಾದಿಗೆ ಬೆಳ್ಳಿಯ ಹಾಗೆ ಹೊಳೆದದ್ದು.
"ಇಷ್ಟು ಬೇಗ ಕಿಲುಬೇ? ಹುಳಿ ಇಟ್ಟಿದ್ದೆಯಾ ತಾಯಿ?"
"ನೀರು, ಸಾಬರೇ. ಬರೀ ನೀರು."

ಎದ್ದು ಹೋಗಿ ಬೋರಿನ ಹಿಡಿ ಒತ್ತಿದರು.
ಬೊಗಸೆಯ ನೀರು ತುಟಿಗೆ ತಾಕಿಸಿ
ಉಗುಳಿ, ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿದರು:
ಅಗೆದು ಬಿಟ್ಟ ಮಣ್ಣ ದಿಬ್ಬ,
ಮಳೆ ಬಂದಾಗ ಹಸಿರಾಗಿ ಹರಿಯುವ ಹಳ್ಳ,
ದಂಡೆಯಲ್ಲಿ ಹುಲ್ಲಿಲ್ಲ.

ಬಾಟಲಿ ತುಂಬಿಕೊಂಡು ಹೋದವರು ಕಳಿಸಿದ ಕಾಗದ
ಪಂಚಾಯ್ತಿ ಗೋಡೆಯ ಮೇಲಿತ್ತು.
ಸೀಸ ಇಷ್ಟು, ಇನ್ನೊಂದು ಇಷ್ಟು.
ಗಾಳಿಗೆ ಹೋಯಿತು.

ಪಾಲಕ್ಕನ ಗಂಡ ಆ ಗುಡ್ಡದೊಳಗೆ
ಹದಿನಾರು ವರ್ಷ ತಾಮ್ರ ಒಡೆದವನು.
"ತೆಗೆದದ್ದು ಲಾರಿ ಹತ್ತಿತು,
ಬಿಟ್ಟದ್ದು ಮನೆಗೆ ಬರ್ತಿದೆ" ಅಂತಾನೆ,
ಲೋಟ ಎತ್ತುತ್ತ.

ಸಾಬರು ತವರ ಸವರಿ, ಅರಳೆಯಲ್ಲಿ ಉಜ್ಜಿದರು.
ತಳದಲ್ಲಿ ಮುಖ ಕಂಡಿತು.
ದುಡ್ಡು ಬೇಡವೆಂದರು.
"ತಪ್ಪಲೆಗಾದರೆ ಹಚ್ಚಬಲ್ಲೆ ತಾಯಿ…"

ಕೆಂಡ ಇನ್ನೂ ಆರಿರಲಿಲ್ಲ.
ಅತ್ತ ಮಕ್ಕಳು
ಬೋರಿಗೆ ಬಾಯಿಟ್ಟು ಕುಡಿಯಲು
ಸರದಿಗೆ ಜಗಳಾಡುತ್ತಿದ್ದವು.