ಹಾಜರಿ ಸಂಖ್ಯೆ ಮೂವತ್ತೊಂಬತ್ತು

ಫೋರ್ಟಿನ ಆಫೀಸುಗಳು ಬೀಗ ಹಾಕಿಕೊಂಡ ಮೇಲೆ
ನಮ್ಮ ಶಾಲೆ ತೆರೆಯುತ್ತಿತ್ತು.
ಎಂಟನೆಯ ಇಯತ್ತೆ. ಮೂವತ್ತೆಂಟು ಹುಡುಗರು,
ಕಪ್ಪುಬಸಿ ತೊಳೆದ ಸೋಡದ ವಾಸನೆ ಬೆರಳಲ್ಲಿ ಇರುವಾಗಲೇ
ಬೆಂಚಿಗೆ ಬಂದು ಕೂರುವವರು.
ನಸುಕಿನ ಮೂರಕ್ಕೆ ರುಬ್ಬುವ ಕಲ್ಲಿನ ಮುಂದೆ ಏಳಬೇಕಾದ ಕೂಸಪ್ಪ
ಹೆಸರು ಕೂಗುವ ಮೊದಲೇ ನಿದ್ದೆ.

ನೋಣಯ್ಯ ಮಾಸ್ತರರು ಹಗಲು ಬ್ಯಾಂಕಿನಲ್ಲಿ ಕಾರಕೂನ,
ರಾತ್ರಿ ನಮಗೆ ಗಣಿತ, ವಿಜ್ಞಾನ,
ತಿಂಗಳ ಕೊನೆಯಲ್ಲಿ ಒಮ್ಮೊಮ್ಮೆ ಬನ್ನು.
ಎಪ್ಪತ್ತೇಳರಲ್ಲಿ, ಗಣಪತಿ ಕೂರುವ ಹಿಂದಿನ ವಾರ,
ಪೇಪರಿನ ತುಂಡೊಂದನ್ನು ಹಲಗೆಗೆ ಅಂಟಿಸಿ ಹೇಳಿದರು:
'ಇವನೂ ಇನ್ನು ನಮ್ಮವನೇ.
ಮನೆ ಬಿಟ್ಟು ಹೊರಟಿದ್ದಾನೆ, ಕೈಯಲ್ಲಿ ವಾಪಸು ಟಿಕೇಟಿಲ್ಲ.'
ಕೆಂಪು ಶಾಯಿಯಲ್ಲಿ ಬರೆದರು:
ಮೂವತ್ತೊಂಬತ್ತು, ವಾಯೇಜರ್.
ತಂದೆಯ ಹೆಸರಿನ ಜಾಗ ಖಾಲಿ.
ಹಾಗೆ ಖಾಲಿಯಿದ್ದವರು ಇನ್ನಿಬ್ಬರು ನಮ್ಮಲ್ಲಿದ್ದರು,
ಆ ಹೊತ್ತಿಗೆ ಅವರಿಗೆ ಪೆನ್ಸಿಲು ಚೂಪು ಮಾಡುವ ಕೆಲಸ ಬಂತು.

ದಿನಾ ಕೂಗುತ್ತಿದ್ದರು: 'ಮೂವತ್ತೊಂಬತ್ತು?'
ಕನ್ನಡಕದ ಮೇಲಿಂದ ಕಿಟಕಿಯತ್ತ ನೋಡಿ
ತುಸು ಕಾದು ಪುಟ ಮಡಿಸುತ್ತಿದ್ದರು.
ಒಂದು ರಾತ್ರಿ ಹಿಂದಿನ ಬೆಂಚಿನಿಂದ ನಾನು,
ಮೂಗಿನಲ್ಲಿ: 'ಬಂದೆ ಸಾರ್.'
ಕೂಸಪ್ಪನೂ ಎದ್ದು ನಕ್ಕ.
ಮಾಸ್ತರರು ಹೊಡೆಯಲಿಲ್ಲ.
'ಉತ್ತರ ಇಷ್ಟು ಬೇಗ ಬಂತು, ಅಂದರೆ ಸುಳ್ಳು,' ಎಂದರು.
ಹಾಜರಿ ಮಾತ್ರ ಹಾಕಿದರು.

ಈಗ ನಾನು ಲ್ಯಾಮಿಂಗ್ಟನ್ ರೋಡಿನ ಒಂದು ಮೆಟ್ಟಿಲ ಕೆಳಗೆ
ಸತ್ತ ಆಂಪ್ಲಿಫೈಯರುಗಳ ಹೊಟ್ಟೆ ಕೆದಕುವವನು.
ಅವನ ದನಿ ಇಪ್ಪತ್ತು ಚಿಲ್ಲರೆ ವ್ಯಾಟು.
ನನ್ನ ಬೆಸುಗೆ ಕಡ್ಡಿ ಕಾಯುವುದಕ್ಕೇ ಇಪ್ಪತ್ತೈದು ಬೇಕು.

ಸೂರ್ಯನ ಗಾಳಿ ಸೋತು ನಿಲ್ಲುವಲ್ಲಿಂದ ಆಚೆ ಹೋಗಿದ್ದಾನೆ.
ದಹಿಸರದಂಥ ನಾಕಾ ಇಲ್ಲ ಅಲ್ಲಿ,
ಇಲ್ಲಿಗೆ ಊರು ಮುಗಿಯಿತು ಎಂಬ ಬೋರ್ಡಿಲ್ಲ.
ತಾಗುವ ಕಣಗಳ ಎಣಿಕೆ ಬದಲಾಯಿತು, ಗುರುತು ಅಷ್ಟೇ.
ನಾವು ಮುಂಬಯಿಯವರಾದದ್ದೂ ಯಾವ ದಿನ ಅಂತ
ಯಾರು ಬರೆದಿಟ್ಟಿದ್ದಾರೆ.

ಎರಡು ವರ್ಷದ ಕೆಳಗೆ ಬಡಬಡಿಸತೊಡಗಿದ.
ತಿಂಗಳುಗಟ್ಟಲೆ ತಲೆಬುಡವಿಲ್ಲದ ಒಂದು, ಸೊನ್ನೆ.
ಓದಿದಾಗಲೇ ಅಂದುಕೊಂಡೆ: ನೆನಪಿನ ಚಿಪ್ಪೊಂದು ಹೋಗಿದೆ.
ಅದರಲ್ಲಿದ್ದುದನ್ನು ಚೂರುಮಾಡಿ
ಖಾಲಿ ಮೂಲೆಗಳಲ್ಲಿ ತುರುಕಿ ಮಾತು ಬರಿಸಿದರು.
ನಾನು ಜಂಪರ್ ತಂತಿ ಎಳೆಯುವುದೂ ಹೀಗೇ,
ಆದರೆ ನನ್ನ ಗಿರಾಕಿ ಕೌಂಟರಿನಾಚೆ ನಿಂತು
'ಆಯಿತೇ, ಆಯಿತೇ' ಅನ್ನುತ್ತಿರುತ್ತಾನೆ.

ಕರೆಂಟು ಉಳಿಸಲು ಅವನ ಕಣ್ಣು ಮುಚ್ಚಿದರು, ಆಮೇಲೆ ಹೀಟರು,
ಆಮೇಲೆ ಒಂದೊಂದೇ ಉಪಕರಣ.
ನಮ್ಮಲ್ಲಿ ಮೊದಲು ಪ್ರಯೋಗಶಾಲೆಯ ದೀಪ,
ಮತ್ತೆ ಮಾಳಿಗೆಯ ಎರಡು ಕೋಣೆ.
ಕೊನೆಯ ವರ್ಷ ಆರು ಹುಡುಗರು, ಒಂದು ಟ್ಯೂಬಲೈಟು.
ಮಾಸ್ತರರು ಆಗಲೇ ಇರಲಿಲ್ಲ.

ರದ್ದಿಯವನಿಂದ ಕಿಲೋ ಲೆಕ್ಕದಲ್ಲಿ
ಆ ವರ್ಷದ ಹಾಜರಿ ಪುಸ್ತಕ ಬಿಡಿಸಿ ತಂದೆ.
ಹೆಂಡತಿ ಬೈದಳು, ಜಿರಲೆ ಮೊಟ್ಟೆಯೂ ಜೊತೆಗೆ ಬಂದಿತ್ತು.
ಮೂವತ್ತೊಂಬತ್ತರ ಸಾಲು ತುಂಬ ಕೆಂಪು ಗೀಟು.
ಜನವರಿಯಲ್ಲಿ ಒಂಬತ್ತು ದಿನ ಮಾತ್ರ ಗೈರು.
ನನಗೆ ಕಾಮಾಲೆಯಾಗಿ ನಾಯರ್ ಆಸ್ಪತ್ರೆಯಲ್ಲಿದ್ದದ್ದೂ
ಅದೇ ಒಂಬತ್ತು ದಿನ.
ಅಲ್ಲಿ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಬ್ಯಾಂಕಿನ ದುಂಡು ಅಕ್ಷರ:
'ಇಬ್ಬರೂ ಇಲ್ಲ. ವಿಚಾರಿಸಬೇಕು.'

ಆಸ್ಪತ್ರೆಗೆ ಬಂದಿದ್ದರು, ಕಬ್ಬಿನಹಾಲು ಹಿಡಿದು.
ಈಗ ನೆನಪಾಗುತ್ತದೆ.

ಸೋಮವಾರ ಅಂಗಡಿ ಮುಚ್ಚುವಾಗ, ಯಾರೂ ಇಲ್ಲವೆಂದು ನೋಡಿ,
ಮೆಲ್ಲಗೆ ಕೂಗಿದೆ: ಮೂವತ್ತೊಂಬತ್ತು?
ಕೂಗು ಅಲ್ಲಿ ಮುಟ್ಟಲು ಸುಮಾರು ಒಂದು ದಿನ,
ಉತ್ತರ ಮರಳಲು ಇನ್ನೊಂದು.
ಬುಧವಾರ ಶಟರು ಎಳೆಯುವುದು ಸ್ವಲ್ಪ ತಡ.