ಸಾಸಿವಿ ಸಪ್ಪಳ

ಅಲ್ಯುಮಿನಿಯಮ್ ಮೆತ್ತಗಂತ ನಂಬಬ್ಯಾಡ.
ಬೆರಳಿಲೆ ತಟ್ಟಿದರ ಹಗುರ, ಡಬರಿ ಮಾಡೂ ಲೋಹ.
ಅರ್ಧ ಮಿಲಿಮೀಟರ್ ಡ್ರಿಲ್ ಹಾಕಿ ನೋಡು:
ಹತ್ತು ಮಿಲಿ ಸುಮ್ಮನ ಒಳಗ ಬಿಟ್ಟಕೊಂತೈತಿ,
ಆಮ್ಯಾಲ ಎಳಿಪಾಕದ ಬೆಲ್ಲಧಂಗ ಮೈಗೆ ಅಂಟಿ
ಮುರೀತೈತಿ. ಮುರಿದದ್ದು ಒಳಗ ಉಳೀತೈತಿ.

ಅದಕ್ಕ ತಾರಿಹಾಳದ ಈ ಶೆಡ್ಡಿನಾಗ
ನಾವು ಕೊರಿಯೂದಿಲ್ಲ, ಸಿಡಸ್ತೀವಿ.
ಹಿತ್ತಾಳಿ ನಳಗಿ, ಕಸಬರಗಿ ಕಡ್ಡಿಕಿಂತ ಸಣ್ಣದು,
ತಿರಕ್ಕೊಂತ ಇಳೀತೈತಿ, ಹೊಟ್ಟ್ಯಾಗಿಂದ ನೀರು.
ತುದಿಗೂ ಲೋಹಕ್ಕೂ ನಡುವ ಕೂದಲೆಳಿ ಸಂದು,
ಆ ಸಂದಿನಾಗ ಕಿಡಿ.
ಮುಟ್ಟಿತಂದ್ರ ಕೆಟ್ಟಿತು,
ದೂರ ಸರೀತಂದ್ರ ಕೆಲಸಿಲ್ಲ.
ತಿನ್ನೂದೂ ಅದ, ತುಸು ತುಸು ಸವಿಯೂದೂ ಅದ.

ಎಂಟು ದಿನಕ್ಕೊಮ್ಮೆ ನಳಾ ಬರೂ ಊರಾಗ
ಈ ಮಷೀನಿಗೆ ಉಪ್ಪು ಸೋಸಿದ ನೀರು ಬೇಕು.
ಕಡಕೋಳ ಸಾಹುಕಾರ್ರು ಕ್ಯಾನು ಎಣಿಸಿ ಇಡತಾರ.
ನಾ ಒಮ್ಮೆ ಕುಡದು ನೋಡೀನಿ,
ನೀರಿನ ನೆನಪು ಕುಡದಂಗ ಆತು.

ಬಂದ ಕೆಲಸ: ಅಂಗೈ ಅಗಲದ ಬ್ಲಾಕು,
ಅರವತ್ತು ಮಿಲಿ ದಪ್ಪ, ತೂತು ತೊಂಬತ್ತಾರು.
ಬಾಯಿ ಅಗಲಾಗಬಾರದು, ಬುಡ ಸಣ್ಣಾಗಬಾರದು,
ನಡುವ ಹಾದಿ ತಪ್ಪಬಾರದು.
ಯಾತಕ್ಕಂತ ಡ್ರಾಯಿಂಗಿನಾಗ ಬರದಿಲ್ಲ,
ಗಾಳಿ ಹೋಗೂದಕ್ಕೋ, ಎಣ್ಣಿ ಹನಿಸೂದಕ್ಕೋ.
ಕೇಳಿದ್ದಕ್ಕ ಸಾಹುಕಾರ್ರು, "ತೂತಿಗೆ ರೊಕ್ಕ ಕೊಡತಾರ
ದಾವಲಸಾಬ, ಕಾರಣಕ್ಕಲ್ಲ" ಅಂದರು.

ನಂದೊಂದು ಗುಟ್ಟು ಐತಿ.
ಇಪ್ಪತ್ತೆರಡು ವರ್ಷ ಪವರ್ ಪ್ರೆಸ್ಸಿನ ಮಗ್ಗಲಕ ನಿಂತಾವ.
ದಿನಾ ಬಡದು ಬಡದು ಅದು
ನನ್ನ ಕಿವಿಯಾಗಿನ ಸಣ್ಣ ಸಪ್ಪಳಾ ಎಲ್ಲಾ ಒಯ್ತು.
ಗುಬ್ಬಿ ಹೋದುವು. ಒಗ್ಗರಣಿ ಹೋತು.
ಮೊಮ್ಮಗಳ ಪಿಸುಮಾತು ಬರೇ ಬೆಚ್ಚನ ಉಸಿರು.
ಕಿಡಿ ಚಲೋ ಇದ್ದರ ಸಾಸಿವಿ ಸಿಡದಂಗ ಅಂತಾರ;
ನಾ ಮೀಟರಿನ ಮುಳ್ಳು ನೋಡತೀನಿ,
ಅಂಗೈ ಮೇಜಿನ ಮ್ಯಾಲ ಇಟ್ಟಿರತೀನಿ.
ಯಾರಿಗೂ ಹೇಳಿಲ್ಲ.

ಹೂಗಾರರ ದಾಕ್ಷಾಯಣಿ, ಐಟಿಐ ಮುಗಿಸಿ ಬಂದು ಮೂರು ತಿಂಗಳು.
ಎಪ್ಪತ್ತೊಂದನೇ ತೂತು, ನಲವತ್ತೆಂಟು ಮಿಲಿ ಆಳ,
ನನ್ನ ಕಣ್ಣು ಮುಳ್ಳಿನ ಮ್ಯಾಲ ತೂಕಡಿಸಿತ್ತು,
ಅಂಗೈ ಏನೂ ಹೇಳಲಿಲ್ಲ.
ಆಕಿ ಓಡಿ ಬಂದು ಕೆಂಪು ಗುಂಡಿ ಒತ್ತಿದಳು.
"ಚಾಚಾ, ಸಾಸಿವಿ ಹೊತ್ತಿತ್ತಲ್ರಿ! ಕೇಳಲಿಲ್ಲೇನ್ರಿ?"
ನಳಗಿ ಎತ್ತಿದೆ. ತುದಿ ಕರ್ರಗ.
ಲೋಹದ ಬೂದಿ ಬುಡಕ್ಕ ಕೂತು ದಾರಿ ಕಟ್ಟಿತ್ತು;
ಇನ್ನೊಂದು ಗಳಿಗಿ ಆಗಿದ್ದರ ತೂತಿನ ಹೊಟ್ಟಿ ಉಬ್ಬತಿತ್ತು,
ಹಿಂದಿನ ಎಪ್ಪತ್ತೂ ಗುಜರಿಗೆ.

"ಫ್ಯಾನಿನ ಸಪ್ಪಳವ್ವಾ" ಅಂದೆ.
ಫ್ಯಾನು ಬಂದಿತ್ತು.
ಆಕಿ ಫ್ಯಾನು ನೋಡಿದಳು, ನನ್ನ ನೋಡಿದಳು,
ನೀರಿನ ಒತ್ತಡ ಏರಿಸಿ, ನಳಗಿ ಬದಲಿಸಿ,
ಮತ್ತ ಇಳಿಸಿದಳು.

ಆವತ್ತಿನಿಂದ ಮೇಜಿನ ಆಚಿ ತುದಿಗೆ ನಿಲ್ಲತಾಳ.
ಕಿಡಿ ಕೆಡೂದಕ್ಕ ಮುಂಚೆ ಸ್ಪ್ಯಾನರಿಲೆ ಒಂದು ಪೆಟ್ಟು,
ಮೆಲ್ಲಕ, ಕಬ್ಬಿಣದ ಮ್ಯಾಲ. ನನ್ನ ಅಂಗೈಗೆ ಬರತೈತಿ.
ತೂತು ಆಚಿ ಕಡಿ ಹೊಂಡೂ ಹೊತ್ತಿಗೆ ಎರಡು.
ಸಾಹುಕಾರ್ರು ನೋಡಿ, "ಹುಡುಗಿಗೆ ಕೈ ಸುಮ್ಮನಿರೂದಿಲ್ಲ" ಅಂತಾರ.

ನಿನ್ನೆ ತೊಂಬತ್ತಾರೂ ಮುಗದುವು.
ಬ್ಲಾಕು ತೊಳದು ಟ್ಯೂಬ್‌ಲೈಟಿಗೆ ಹಿಡದ್ವಿ.
ನೆಟ್ಟಗ ಹಿಡದರಷ್ಟ ಕಾಣತೈತಿ, ಒಂದೆಳಿ ವಾರಿ ಆದರ ಕತ್ತಲಿ.
ನುಚ್ಚಕ್ಕಿಯಷ್ಟ ಬೆಳಕು, ಒಂದಾದ ಮ್ಯಾಲ ಒಂದು.
ಆಕಿ ಎಣಿಸಿದಳು.
ತುಟಿ ಅಲುಗೂದು ನೋಡಿ ನಾನೂ ಎಣಿಸಿದೆ.
ಎಪ್ಪತ್ತೊಂದಕ್ಕ ತುಸು ತಡದಳು,
ಮುಂದ ಹೋದಳು.

ಆಮ್ಯಾಲ ಕೈ ತೊಳಕೊಂತ, ಆಚಿ ಕಡಿ ಮಾರಿ ಮಾಡಿ,
ಏನೋ ಅಂದಳು.
ಹೂಂ ಅಂದೆ.