ಕಂಕುಳಲ್ಲಿ

ವಾಲೆರಿಕೊನ ಹೇಂಟೆಯನ್ನು ಬೀದಿನಾಯಿ ಹೊತ್ತೊಯ್ದ ರಾತ್ರಿ
ಹನ್ನೊಂದು ಮೊಟ್ಟೆ ತಣ್ಣಗಾದವು.
ಹನ್ನೆರಡನೆಯದು ಮಾತಾಡುತ್ತಿತ್ತು.

ಮೆಟ್ಟಿಲ ಮೇಲೆ ನಿಂತು ಕಿವಿಗಿಟ್ಟುಕೊಂಡೆ:
ಒಳಗಿನಿಂದ ಯಾರೋ ಉಗುರಲ್ಲಿ ಬಾಗಿಲು ಗೀರುವ ಸದ್ದು.
"ನಿನಗೇ ಇರಲಿ ಲಾಮಾರಾ" ಅಂದ, ಮುಖ ಆಚೆ ತಿರುಗಿಸಿ.
ಒಂದು ಕೋಳಿಗಾಗಿ ಅತ್ತದ್ದು ಕಾಣಬಾರದಲ್ಲ.

ಕುತಾಯಿಸಿಯಲ್ಲಿ ಆಗ ಕರೆಂಟಿಲ್ಲ.
ನನ್ನ ಟ್ರಾಲಿಬಸ್ಸು ಸೇತುವೆಯ ನಡುವೆ ನಿಂತು ಮೂರು ವಾರ,
ಎರಡು ಕೋಲು ತಂತಿಗೆ ಚಾಚಿಕೊಂಡೇ ಇದೆ,
ಸತ್ತ ಮೇಲೂ ಮೀಸೆ ಇಳಿಸದ ಜಿರಲೆಯ ಹಾಗೆ.
ಕೆಳಗೆ ರಿಯೋನಿ ಹೊಳೆ ಮಾತ್ರ
ಯಾರ ಅಪ್ಪಣೆಯೂ ಇಲ್ಲದೆ ಓಡುತ್ತದೆ.
ಬಸ್ಸಿನ ಕೀಲಿ ನನ್ನ ಕೋಟಿನ ಒಂದು ಜೇಬಲ್ಲಿ.
ಇನ್ನೊಂದರಲ್ಲಿ, ಈಗ, ಇದು.

ಜೇಬು ಸಾಲಲಿಲ್ಲ.
ಗಂಡನ ಉಣ್ಣೆ ಟೊಪ್ಪಿಗೆಯೂ ಸಾಲಲಿಲ್ಲ.
ಬಿಸಿನೀರಿನ ಬಾಟಲಿ ಎರಡು ಗಂಟೆಗೆ ಸೋತಿತು.
ಕೊನೆಗೆ ಮೂರು ಸ್ವೆಟರಿನ ಕೆಳಗೆ, ಎಡಗಂಕುಳಲ್ಲಿ,
ಐವತ್ತೆರಡು ವರ್ಷ ಯಾರೂ ಆಸೆಪಡದ ಜಾಗದಲ್ಲಿ
ಒದ್ದೆ ಹತ್ತಿಯಂಥದ್ದೊಂದು
ಒಣಗತೊಡಗಿತು.

ಬಲಗೈ ಒಂದರಲ್ಲೇ ಬದುಕುವುದನ್ನು ಕಲಿತೆ.
ಸೀಮೆಎಣ್ಣೆ ಸುರಿದದ್ದು, ಆಲೂಗೆಡ್ಡೆ ಬೇಯಿಸಿದ್ದು,
ಮಗ್ಗುಲು ಬದಲಿಸದೆ ಬೆಳಗು ಮಾಡಿದ್ದು.
ನಸುಕಿನ ನಾಲ್ಕಕ್ಕೆ ಬ್ರೆಡ್ಡಿನ ಸಾಲಲ್ಲಿ ನಿಂತೆ,
ಒಂದು ಕಡೆ ವಾಲಿದ ಗೋಡೆಯಂತೆ.
ಎದೆಯೊಳಗಿಂದ ಕಿಚಕಿಚ.
ಮುಂದಿನ ಹೆಂಗಸು ತಿರುಗಿ ನೋಡಿದಳು.
ಕೆಮ್ಮಿದೆ.

ಜುಜುನಾ ಒಂದು ಮೊಟ್ಟೆ ತಂದುಕೊಟ್ಟಳು,
ಈಸ್ಟರಿಗೆ ಕೆಂಪು ಬಳಿಯಲೆಂದು ಎತ್ತಿಟ್ಟದ್ದು.
ಬೇಯಿಸಿ, ಹಳದಿಯನ್ನು ಬೆರಳ ನಡುವೆ ಪುಡಿಮಾಡಿ...
ಕೋಳಿಮರಿಗೆ ಕೋಳಿಮೊಟ್ಟೆ!
"ನೀನು ಹೇಳದಿದ್ದರೆ ಅದಕ್ಕೇನು ಗೊತ್ತಾಗುತ್ತೆ" ಅಂದಳು.
ಬಿಳಿಯ ಭಾಗವನ್ನು ನಾವಿಬ್ಬರೂ ಹಂಚಿಕೊಂಡು ತಿಂದೆವು,
ಉಪ್ಪಿಲ್ಲದೆ, ಮಾತಿಲ್ಲದೆ, ಕಳ್ಳರ ಹಾಗೆ.

ಕುಕ್ಕುವುದನ್ನೂ ಕಲಿಸಬೇಕೆಂದು ಯಾರಿಗೆ ಗೊತ್ತಿತ್ತು!
ಕಾಳಿನ ಮುಂದೆ ಸುಮ್ಮನೆ ನಿಂತಿರುತ್ತಿತ್ತು,
ಪರಊರಿನ ನಿಲ್ದಾಣದಲ್ಲಿ ಇಳಿದವರಂತೆ.
ನೆಲಕ್ಕೆ ಬಗ್ಗಿ ತೋರುಬೆರಳನ್ನು ಕೊಕ್ಕು ಮಾಡಿದೆ:
ಟಕ್. ಟಕ್ ಟಕ್.
ಮೊದಲು ನನ್ನ ಉಗುರನ್ನೇ ಕುಕ್ಕಿತು.
ಆಮೇಲೆ ಜೋಳದ ಹಿಟ್ಟನ್ನು.

ಇನ್ನೊಂದು ದಿನ ಜುಜುನಾ ಮದುವೆಯುಂಗುರಕ್ಕೆ ದಾರ ಕಟ್ಟಿ
ಅದರ ತಲೆಯ ಮೇಲೆ ತೂಗಿಬಿಟ್ಟಳು.
ಗುಂಡಗೆ ಸುತ್ತಿದರೆ ಹೇಂಟೆಯಂತೆ,
ಅತ್ತಿತ್ತ ತೂಗಿದರೆ ಹುಂಜವಂತೆ.
ಉಂಗುರ ನಡುಗಿತಷ್ಟೆ. ಅವಳ ಕೈಯೇ ನಡುಗುತ್ತಿತ್ತು,
ಗಡಿಯ ಕಡೆ ಹೋದ ಮಗನಿಂದ ಕಾಗದವಿಲ್ಲ.
"ಹುಂಜವಾದರೆ ಸಾರು" ಅಂದಳು.
ನಾನು ಸ್ವೆಟರಿನ ಗುಂಡಿ ಹಾಕಿಕೊಂಡೆ.

ಒಂಬತ್ತನೆಯ ರಾತ್ರಿ ಕರೆಂಟು ಬಂತು.
ಇಡೀ ಕಟ್ಟಡ ಹೋ ಎಂದಿತು.
ಐದು ಅಂತಸ್ತಿನ ಫ್ರಿಜ್ಜುಗಳು ಒಟ್ಟಿಗೆ ಗುರುಗುಟ್ಟಿದವು,
ಯಾರದೋ ರೇಡಿಯೋ ಅರ್ಧ ವಾಕ್ಯದಿಂದಲೇ ಮಾತು ಶುರುಮಾಡಿತು.
ಮೇಜಿನ ದೀಪವನ್ನು ನೆಲದಲ್ಲಿಟ್ಟು ತಲೆ ಬಗ್ಗಿಸಿದೆ.
ಮರಿ ನನ್ನ ತೋಳಿಳಿಯಿತು, ಓಡಿತು,
ಬಲ್ಬಿನ ಕೆಳಗೆ ಮೋಟು ರೆಕ್ಕೆ ಹರವಿ, ಕಣ್ಣು ಮುಚ್ಚಿ,
ಅಮ್ಮಾ ಅಂದಿತು
ಅರವತ್ತು ವಾಟಿಗೆ.

ನಗಬೇಕಿತ್ತು. ನಕ್ಕೆ ಕೂಡ.
ಒಂಬತ್ತು ದಿನದ ಮೇಲೆ ಎಡಗೈಯನ್ನು
ತಲೆಯ ಮೇಲೆ ಉದ್ದಕ್ಕೆ ಎತ್ತಿದೆ, ಕೀಲು ಲಟಕ್ಕೆಂದಿತು.
ಕಂಕುಳಿಗೆ ಗಾಳಿ ತಾಕಿ ಚಳಿಯಾಯಿತು.
ನಾಳೆ ಸೇತುವೆಗೆ ಹೋಗಬೇಕು ಅಂದುಕೊಂಡೆ.
ಕೀಲಿ ತಡಕಿದೆ.

ಹತ್ತೂ ನಲವತ್ತಕ್ಕೆ ಹೋಯಿತು.

ಬಲ್ಬಿನ ಕಾವು ಆರುವವರೆಗೆ ಮರಿ ಅಲ್ಲೇ ಇತ್ತೇನೋ.
ನಾನು ಕರೆಯಲಿಲ್ಲ. ನನಗೂ ಒಂದಿಷ್ಟು ಬಿಗುಮಾನ.
ಆಮೇಲೆ ಹಲಗೆಯ ಮೇಲೆ ಉಗುರ ಸದ್ದು,
ಕುರ್ಚಿಯ ಕಾಲಿಗೆ ಬಡಿದು, ನಿಂತು, ಬೈದು,
ಮತ್ತೆ ಹೊರಟಿತು, ತಪ್ಪು ದಿಕ್ಕಿಗೆ.

ಕತ್ತಲಲ್ಲಿ ಬಗ್ಗಿ
ನೆಲವನ್ನು ಬೆರಳಲ್ಲಿ ಕುಟ್ಟಿದೆ.
ಟಕ್.
ಟಕ್ ಟಕ್.